ಮೊದಲ ಪಾವು ಎಣಿಸದ ಶಾಲೆ

ಹಿಂದೂಪುರ
9-9-1958

ಅಕ್ಕನಿಗೆ ಆದಿನಾರಾಯಣನ ನಮಸ್ಕಾರಗಳು.

ನೀನು ಬಸ್ಸಿನ ಕಂಡಕ್ಟರ್ ಕೈಲಿ ಕಳಿಸಿದ ಹುರುಳಿ ಪುಡಿಯ ಡಬ್ಬಿ ತಲುಪಿತು. ನಾನು ಬರೀ ಬಾಯಲ್ಲೇ ಮುಕ್ಕುತ್ತೇನೆಂದು ಶಿವಲಕ್ಷ್ಮಿ ಅದನ್ನು ಅಟ್ಟದ ಮೇಲೆ ಇಟ್ಟಿದ್ದಾಳೆ. ಮೂವತ್ತೆಂಟು ವರ್ಷದ ಟ್ರೈನಿಂಗ್ ಸ್ಕೂಲ್ ಮೇಷ್ಟರಿಗೆ ಹೆಂಡತಿಯ ಕೈಲಿ ಬಂದ ಗತಿ ನೋಡು.

ಈ ವರ್ಷ ನನಗೊಂದು ಹುಚ್ಚು ಹಿಡಿದಿದೆ. ಮಕ್ಕಳಿಗೆ ಲೆಕ್ಕ ಹೇಗೆ ಹೇಳಿಕೊಡಬೇಕು ಎಂದು ಹದಿನಾಲ್ಕು ವರ್ಷದಿಂದ ದೊಡ್ಡವರಿಗೆ ಪಾಠ ಮಾಡುತ್ತಿದ್ದೇನೆ. ಆದರೆ ಒಂದು ಮಗು ಲೆಕ್ಕ ಮಾಡುವಾಗ ಅದರ ಪಕ್ಕ ಕುಳಿತು, ಅದು ಏನು ಮಾಡುತ್ತದೆ ಎಂದು ಕೊನೆಯವರೆಗೆ ನೋಡಿದವರು ನಮ್ಮಲ್ಲಿ ಯಾರೂ ಇಲ್ಲ, ನಾನೂ ಇಲ್ಲ. ಅದಕ್ಕೆ ಸರ್ಕಾರದ ಅಪ್ಪಣೆ ಪಡೆದು, ಜಿಲ್ಲೆಯ ಹನ್ನೆರಡು ಕನ್ನಡ ಶಾಲೆಗಳಿಗೆ ನಮ್ಮಲ್ಲಿ ಟ್ರೈನಿಂಗ್ ಓದುತ್ತಿರುವವರನ್ನು ಒಬ್ಬೊಬ್ಬರಂತೆ ಕಳಿಸುತ್ತಿದ್ದೇವೆ. ಮೂರನೇ ಕ್ಲಾಸಿನ ಮಕ್ಕಳಿಗೆ ಹಲಗೆಯ ಮೇಲೆ ಕೂಡುವ, ಕಳೆಯುವ ಲೆಕ್ಕ ಕೊಡುತ್ತಾರೆ. ಆಮೇಲೆ ಮರಳಿನ ಗುಡ್ಡೆ ಹಾಕಿ, ಕೈಗೆ ಪಾವು ಕೊಟ್ಟು, ಎಷ್ಟು ಪಾವು ಇದೆ ಅಳೆದು ಬರೆಯಿರಿ ಎನ್ನುತ್ತಾರೆ. ಉತ್ತರ ಬರೆದುಕೊಂಡರೆ ಸಾಲದು, ಮಗು ಅದನ್ನು ಹೇಗೆ ಮಾಡಿತು ಅನ್ನುವುದನ್ನೂ ಬರೆಯಬೇಕು. ಆ ಹೊತ್ತು ಶಾಲೆಯ ಉಪಾಧ್ಯಾಯರು ಹೊರಗಿರಬೇಕೆಂದು ನಿಯಮ ಮಾಡಿದ್ದೇವೆ. ಶಾಲೆಗಳನ್ನು ತಾವೇ ಆರಿಸಿ, ಅವುಗಳ ಹೆಸರನ್ನು ನಮ್ಮ ಹೆಡ್‌ಮಾಸ್ಟರು ಬೀರುವಿನಲ್ಲಿ ಬೀಗ ಹಾಕಿ ಇಟ್ಟಿದ್ದಾರೆ. ನನ್ನ ಕೈಗೆ ಬರುವುದು ನಂಬರು ಮಾತ್ರ.

ನೀನು ಒಂದನೇ ಕ್ಲಾಸಿನವರಿಗೆ ಎಣಿಕೆ ಹೇಗೆ ಶುರು ಮಾಡುತ್ತೀಯ, ಬಿಡುವಾದಾಗ ಬರಿ. ಪುಸ್ತಕದಲ್ಲಿ ಇಲ್ಲದ್ದು ನಿನ್ನ ಹತ್ತಿರ ಇದ್ದೇ ಇರುತ್ತದೆ.

ನಿನ್ನ ತಮ್ಮ,
ಆದಿ


ಶ್ರೀ ಆಂಜನೇಯಸ್ವಾಮಿ ಕಾಯಲಿ
ಕಲ್ಯಾಣದುರ್ಗ
21-9-1958

ಚಿರಂಜೀವಿ ಆದಿಗೆ ಅಕ್ಕ ನರಸಕ್ಕನ ಆಶೀರ್ವಾದ.

ಸ್ವಾಮಿಯ ದಯೆಯಿಂದ ಮಂಡಿ ನೋವು ಒಂದು ಬಿಟ್ಟರೆ ಬೇರೇನೂ ಇಲ್ಲ. ನಿನ್ನ ಕಾಗದವನ್ನು ಮೂರು ಸಲ ಓದಿದೆ. ಮಗುವಿನ ಪಕ್ಕ ಕುಳಿತು ನೋಡುವುದಕ್ಕೆ ನೀವು ಸರ್ಕಾರದ ಅಪ್ಪಣೆ ತೆಗೆದುಕೊಂಡಿರಿ ಅಂತ ಓದಿ ನಗು ಬಂತು. ನಾನು ಇಪ್ಪತ್ತೆರಡು ವರ್ಷದಿಂದ ಕೂತೇ ಇದ್ದೀನಿ, ಯಾರ ಅಪ್ಪಣೆಯೂ ಇಲ್ಲದೆ.

ಎಣಿಕೆ ಹೇಗೆ ಅಂತ ಕೇಳಿದೆಯಲ್ಲ, ದೊಡ್ಡ ಗುಟ್ಟೇನಿಲ್ಲ. ಮೊದಲ ತಿಂಗಳು ಹಲಗೆ ಮುಟ್ಟಿಸುವುದಿಲ್ಲ. ಹುಣಸೆ ಬೀಜ, ಕಡ್ಡಿ, ಅವರವರ ಬೆರಳು. ಶನಿವಾರ ಮಕ್ಕಳೆಲ್ಲ ಮನೆಯಿಂದ ಒಂದೊಂದು ಹಿಡಿ ಹುರುಳಿಯೋ ಅಲಸಂದೆಯೋ ತರುತ್ತವೆ. ಎಲ್ಲ ಮೊರಕ್ಕೆ ಹಾಕಿ, ಸ್ವಾಮಿಗೆ ಎತ್ತಿಟ್ಟು, ಉಳಿದದ್ದನ್ನು ಪಾವಿನಲ್ಲಿ ಅಳೆದು, ಎದುರು ಮನೆ ಗಂಗುಲಮ್ಮನ ಒಲೆ ಮೇಲೆ ಗುಗ್ಗರಿ ಬೇಯಿಸುತ್ತೀವಿ. ಅಳೆಯುವುದು, ಕೂಡುವುದು, ಭಾಗ ಹಂಚುವುದು ಎಲ್ಲ ಆ ಗುಗ್ಗರಿಯಲ್ಲೇ ಬಂದುಬಿಡುತ್ತದೆ. ಭಾಗ ಕಮ್ಮಿ ಬಂದರೆ ಮಕ್ಕಳು ಬಿಡುತ್ತವಾ, ಲೆಕ್ಕ ತಾನಾಗೇ ಕಲಿತುಕೊಳ್ಳುತ್ತವೆ.

ಹೋದ ವಾರ ಇನ್ಸ್‌ಪೆಕ್ಟರು ಬಂದಿದ್ದರು. ಟ್ರೈನಿಂಗ್ ಆಗದವರ ಪಟ್ಟಿ ಮಾಡುತ್ತಿದ್ದಾರಂತೆ. ಯಾರ ಸ್ಕೂಲು ಹಿಂದೆ ಬಿದ್ದಿದೆಯೋ ಅವರ ಜಾಗಕ್ಕೆ ಬರುವ ವರ್ಷ ಟ್ರೈನಿಂಗ್ ಆದವರನ್ನು ಹಾಕುತ್ತಾರಂತೆ. ನಾನು ಜಗುಲಿ ಮೇಲೆ ನಾಲ್ಕನೇ ಕ್ಲಾಸಿನವರೆಗೆ ಓದಿದವಳು, ಪಟ್ಟಿಯಲ್ಲಿ ಮೊದಲು ನನ್ನದೇ ಇರುತ್ತದೆ. ನೀನು ಇದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ನನ್ನ ಮಕ್ಕಳು ಯಾರಿಗೂ ಕಮ್ಮಿ ಇಲ್ಲ.

ಶಿವಲಕ್ಷ್ಮಿಗೆ ಹೇಳು, ಡಬ್ಬಿ ಇನ್ನೂ ಮೇಲಿಡಲಿ.

ಅಕ್ಕ


ಹಿಂದೂಪುರ
4-11-1958

ಅಕ್ಕನಿಗೆ ನಮಸ್ಕಾರಗಳು.

ಹನ್ನೆರಡು ಶಾಲೆಯ ಕಾಗದಗಳೂ ಬಂದವು. ನಮ್ಮ ಮನೆಯ ನಡುಮನೆಯಲ್ಲಿ ಈಗ ಕಾಲಿಡಲು ಜಾಗವಿಲ್ಲ. ಪೊರಕೆ ಹಿಡಿದು ಬಾಗಿಲಲ್ಲಿ ನಿಂತು ಶಿವಲಕ್ಷ್ಮಿ ದಿನಾ ಕೇಳುತ್ತಾಳೆ, ಈ ಮಕ್ಕಳೆಲ್ಲ ಯಾವಾಗ ಮನೆಗೆ ಹೋಗುತ್ತವೆ ಎಂದು.

ಬಹುಪಾಲು ಶಾಲೆಗಳಲ್ಲಿ ನಾನು ಅಂದುಕೊಂಡದ್ದೇ ಆಗಿದೆ. ಕಳೆಯುವಾಗ ಸಾಲ ತೆಗೆದುಕೊಳ್ಳುವುದನ್ನು ಮರೆಯುತ್ತಾರೆ, ಸೊನ್ನೆ ಬಂದರೆ ಗಾಬರಿಯಾಗುತ್ತಾರೆ. ಆದರೆ ಒಂಬತ್ತನೇ ನಂಬರಿನ ಶಾಲೆ ವಿಚಿತ್ರವಾಗಿದೆ. ಹಲಗೆಯ ಲೆಕ್ಕದಲ್ಲಿ ಹನ್ನೆರಡರಲ್ಲೂ ಅದೇ ಮೇಲು. ಅಳತೆಗೆ ಬಂದರೆ ಹತ್ತೊಂಬತ್ತು ಮಕ್ಕಳೂ ತಪ್ಪು. ಐದು ಪಾವಿನ ಗುಡ್ಡೆಯನ್ನು ನಾಲ್ಕು ಎಂದಿದ್ದಾರೆ. ಏಳನ್ನು ಆರು ಎಂದಿದ್ದಾರೆ. ಎಂಟನ್ನು ಏಳು ಎಂದಿದ್ದಾರೆ. ಒಬ್ಬರೂ ಬಿಡದೆ ಒಂದು ಕಮ್ಮಿ.

ನಮ್ಮ ಹೆಡ್‌ಮಾಸ್ಟರು ನೋಡಿ ನಕ್ಕರು. ‘ಆ ಮೇಷ್ಟರಿಗೇ ಎಣಿಸಲು ಬರುವುದಿಲ್ಲ ಕಣ್ರೀ, ಇಲ್ಲವೇ ಕಿಟಕಿಯಲ್ಲಿ ನಿಂತು ತಪ್ಪು ಉತ್ತರ ಹೇಳಿಕೊಟ್ಟಿದ್ದಾರೆ’ ಎಂದರು. ಅಂಕಗಳಲ್ಲಿ ಅರ್ಧ ಅಳತೆಗೇ ಇರುವುದರಿಂದ ಒಟ್ಟಿನಲ್ಲಿ ಒಂಬತ್ತನೆಯದು ಎಲ್ಲಕ್ಕಿಂತ ಕೆಳಗೆ ಬೀಳುತ್ತದೆ. ಜನವರಿ ಕೊನೆಗೆ ರಿಪೋರ್ಟು ಜಿಲ್ಲಾ ಬೋರ್ಡಿಗೆ ಹೋಗಬೇಕು. ನೀನು ಹೇಳಿದ ಪಟ್ಟಿಗೆ ಅವರು ಇದನ್ನೇ ಆಧಾರ ಮಾಡಿಕೊಳ್ಳುತ್ತಾರಂತೆ. ಅದು ನನಗೆ ಮೊದಲು ಗೊತ್ತಿರಲಿಲ್ಲ.

ನಿನಗೆ ಏನಾದರೂ ಹೊಳೆಯುತ್ತದೆಯೇ ಅಕ್ಕ? ಹೊಳೆದರೆ ಬರಿ. ಬೇಗ ಬರಿ.

ಆದಿ


ಶ್ರೀ ಆಂಜನೇಯಸ್ವಾಮಿ ಕಾಯಲಿ
ಕಲ್ಯಾಣದುರ್ಗ
22-12-1958

ಚಿರಂಜೀವಿ ಆದಿಗೆ ಆಶೀರ್ವಾದ.

ಕಾಗದ ಬರೆಯುವುದು ತಡವಾಯಿತು. ಕಡಲೆಕಾಯಿ ಬಿಡಿಸುವ ಕಾಲ, ಅರ್ಧ ಮಕ್ಕಳು ಹೊಲದಲ್ಲಿದ್ದಾವೆ. ನನಗೂ ಸ್ವಲ್ಪ ಕೆಮ್ಮು ಇತ್ತು. ಈಗ ವಾಸಿ. ಬೆಳುಗುಪ್ಪದಿಂದ ಬಂದ ಒಬ್ಬರು ಒಳ್ಳೆ ಅವರೆಕಾಯಿ ಕೊಟ್ಟರು, ನಿನ್ನ ನೆನಪಾಯಿತು.

ಆ ಒಂಬತ್ತನೇ ಸ್ಕೂಲಿನ ವಿಷಯ ಬರೆದಿದ್ದೆಯಲ್ಲ. ಆ ಮೇಷ್ಟರನ್ನು ಖಂಡಿತ ತೆಗೆಯುತ್ತಾರಾ? ಹಲಗೆ ಲೆಕ್ಕ ಮೇಲು ಅಂದೆಯಲ್ಲ, ಅದು ಲೆಕ್ಕಕ್ಕೆ ಬರುವುದಿಲ್ಲವಾ? ಸುಮ್ಮನೆ ಕೇಳಿದೆ.

ನಿನ್ನ ಹೆಡ್‌ಮಾಸ್ಟರು ದೊಡ್ಡವರು. ಆದರೂ ಕಾಣದ ಒಬ್ಬರನ್ನು ಕಳ್ಳರು ಅನ್ನಬಾರದಿತ್ತು.

ಅಕ್ಕ


ಹಿಂದೂಪುರ
29-12-1958

ಅಕ್ಕನಿಗೆ ನಮಸ್ಕಾರಗಳು.

ನಿನ್ನ ಕೆಮ್ಮಿನ ಸುದ್ದಿ ಕೇಳಿ ಶಿವಲಕ್ಷ್ಮಿಗೆ ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ನಾವಿಬ್ಬರೂ ಮಾತಾಡಿಕೊಂಡು ಬರೆಯುತ್ತಿದ್ದೇವೆ. ಪಡಸಾಲೆಯ ಪಕ್ಕದ ಕೋಣೆಗೆ ಸುಣ್ಣ ಬಳಿಸಿದ್ದೇನೆ. ಪೂರ್ವಕ್ಕೆ ಕಿಟಕಿ ಇದೆ, ನಿನ್ನ ಸ್ವಾಮಿಯ ಪಟಕ್ಕೆ ಗೂಡು ಇದೆ. ಇಪ್ಪತ್ತೆರಡು ವರ್ಷ ಆ ಮಕ್ಕಳಿಗೆ ದುಡಿದದ್ದು ಸಾಕು. ಏಪ್ರಿಲ್ ಆಗುತ್ತಲೇ ರಾಜೀನಾಮೆ ಬರೆದು ಇಲ್ಲಿಗೆ ಬಂದುಬಿಡು. ಯಾರೂ ನಿನ್ನನ್ನು ಏನೂ ಕೇಳುವ ಮೊದಲೇ, ನೀನಾಗಿಯೇ.

ಯೋಚನೆ ಮಾಡಿ ಬರಿ. ಹಟ ಮಾಡಬೇಡ.

ಆದಿ


ಶ್ರೀ ಆಂಜನೇಯಸ್ವಾಮಿ ಕಾಯಲಿ
ಕಲ್ಯಾಣದುರ್ಗ
10-1-1959

ಆದಿಗೆ,

ನಿನ್ನ ಕಾಗದ ಬಂದು ಎಂಟು ದಿನವಾಯಿತು. ಮೊದಲ ದಿನ ಓದಿ ಹರಿದುಹಾಕೋಣ ಅನ್ನಿಸಿತು. ಅಕ್ಕ ಮುದುಕಿಯಾದಳು, ಇನ್ನು ಅವಳಿಂದ ಏನೂ ಆಗುವುದಿಲ್ಲ ಅಂತ ನೀನೂ ಅಂದುಕೊಂಡೆಯಲ್ಲ ಅಂತ ಬೇಜಾರಾಯಿತು. ಸುಣ್ಣ ಹೊಡೆದ ಕೋಣೆಯಲ್ಲಿ ಕೂತು ನಾನು ಯಾರಿಗೆ ಎಣಿಕೆ ಹೇಳಲಿ? ಕೋಪ ಇಳಿದ ಮೇಲೆ ಬರೆಯುತ್ತಿದ್ದೀನಿ, ಅದಕ್ಕೆ ತಡ.

ನಿನ್ನಿಂದ ಒಂದು ವಿಷಯ ಮುಚ್ಚಿಟ್ಟೆ. ಒಂಬತ್ತನೇ ಸ್ಕೂಲು ನನ್ನದು.

ಸೆಪ್ಟೆಂಬರಿನಲ್ಲಿ ನಿನಗೆ ಕಾಗದ ಬರೆಯುವ ಮೊದಲೇ ನನಗೆ ಬೋರ್ಡಿನಿಂದ ತಿಳಿಸಿದ್ದರು. ಹಿಂದೂಪುರದಿಂದ ಜಯಣ್ಣ ಅನ್ನುವ ಹುಡುಗ ಬಂದ. ಅವನು ತಂದ ಚೀಟಿಯ ಮೂಲೆಯಲ್ಲಿ ಒಂಬತ್ತು ಅಂತ ಬರೆದಿದ್ದನ್ನು ನಾನೇ ನೋಡಿದೆ. ನೀನು ನನ್ನ ತಮ್ಮ ಅಂತ ಅವನಿಗೆ ಹೇಳಲಿಲ್ಲ, ನಿನಗೂ ಬರೆಯಲಿಲ್ಲ. ಮಾರ್ಕು ಎಲ್ಲ ಹೊರಗೆ ಬಂದ ಮೇಲೆ ನೋಡಪ್ಪ, ನಿಮ್ಮಕ್ಕನ ಮಕ್ಕಳು ಇವು ಅಂತ ಹೇಳಬೇಕು ಅಂತ ಆಸೆ ಇಟ್ಟುಕೊಂಡಿದ್ದೆ. ಅವನು ಪರೀಕ್ಷೆ ಮಾಡುವಾಗ ನಾನು ಬೇವಿನ ಮರದ ಕೆಳಗೆ ಕೂತು ಸ್ವಾಮಿಯ ಹೆಸರು ಹೇಳುತ್ತಿದ್ದೆ. ಕಿಟಕಿ ಹತ್ತಿರ ಹೋಗಲಿಲ್ಲ. ಇದನ್ನು ನಿನ್ನ ಹೆಡ್‌ಮಾಸ್ಟರಿಗೆ ಹೇಳು.

ನವೆಂಬರಿನಲ್ಲಿ ನಿನ್ನ ಕಾಗದವನ್ನು ಮತ್ತೆ ಮತ್ತೆ ಓದಿದೆ. ಹತ್ತೊಂಬತ್ತು ಮಕ್ಕಳೂ ತಪ್ಪು ಅಂದರೆ ತಪ್ಪು ಮಕ್ಕಳದ್ದಲ್ಲ, ಇದು ನನಗೂ ಗೊತ್ತು. ಎಲ್ಲಿ ಅಂತ ಮಾತ್ರ ಗೊತ್ತಾಗಲಿಲ್ಲ. ಕೇಳೋಣ ಅಂದರೆ ನಾಚಿಕೆ. ಕಡಲೆಕಾಯಿ ಮುಗಿದು ಮಕ್ಕಳೆಲ್ಲ ವಾಪಸ್ಸು ಬಂದ ಮೇಲೆ, ಹೋದ ಮಂಗಳವಾರ, ನೀನು ಹೇಳಿದ ಹಾಗೇ ಮಾಡಿದೆ. ಅಂಗಳದಲ್ಲಿ ಮರಳು ಗುಡ್ಡೆ ಹಾಕಿದೆ. ಪಾವು ಕೊಟ್ಟೆ. ಬಾಯಿ ಮುಚ್ಚಿಕೊಂಡು ಪಕ್ಕದಲ್ಲಿ ಕೂತೆ.

ಗಂಗುಲಮ್ಮನ ಮೊಮ್ಮಗಳು ಈರಕ್ಕ ಬಂದಳು. ಎಂಟು ವರ್ಷದ ಹುಡುಗಿ, ಮಾತಿಗೆ ಮಾತು ಕೊಡುವವಳು. ಮೊದಲ ಪಾವು ತುಂಬಿದಳು, ಪಾವಿನ ಬಾಯಿ ಸವರಿ ಮಟ್ಟ ಮಾಡಿದಳು, ತನ್ನ ಬಲಗಡೆ ಬೇರೆಯಾಗಿ ಸುರಿದಳು. ಆಮೇಲೆ ಎಡಗಡೆ ಒಂದು, ಎರಡು, ಮೂರು ಅಂತ ಶುರು ಮಾಡಿದಳು. ಕೊನೆಗೆ ‘ನಾಕು’ ಅಂದಳು.

ಯಾಕಮ್ಮ ಅದನ್ನು ಆ ಕಡೆ ಸುರಿದೆ ಅಂತ ಕೇಳಿದೆ.

“ಅದು ಸ್ವಾಮಿದಲ್ವಾ ಪಂತುಲಮ್ಮ.”

“ಇದು ಮರಳು ಕಣೇ. ಸ್ವಾಮಿ ಮರಳು ತಗಂಡು ಏನ್ ಮಾಡ್ತಾನೆ?”

“ನಂಗೇನ್ ಗೊತ್ತು. ನೀವೇ ಅಂಗೆ ಅಳೀತೀರಲ್ಲ.”

ಅವಳ ಹಿಂದೆ ನಿಂತವರೂ ಅದನ್ನೇ ಮಾಡಿದರು, ಹತ್ತೊಂಬತ್ತು ಜನವೂ. ಶನಿವಾರ ಶನಿವಾರ ನಾನು ಮೊರದ ಮುಂದೆ ಕೂತು ಮಾಡಿದ್ದು ಅದೇ. ನಮ್ಮಮ್ಮ ಕಣದಲ್ಲಿ ಮಾಡುತ್ತಿದ್ದದ್ದೂ ಅದೇ. ಮೊದಲ ಅಳತೆ ದೇವರದ್ದು, ಅದನ್ನು ಎಣಿಸುವುದಿಲ್ಲ. ದೇವರಿಗೆ ಕೊಟ್ಟಿದ್ದಕ್ಕೆ ಲೆಕ್ಕ ಇಡಬಾರದು ಅಂತ ಅವಳು ಹೇಳಿದ್ದನ್ನು ನಾನು ಹಿಡಿದುಕೊಂಡೆ. ಗುಗ್ಗರಿಗೆ ಎಷ್ಟು ಉಳಿಯಿತು ಅಂತ ಲೆಕ್ಕ ಹಾಕುವಾಗ ಅದು ಸರಿಯೇ ಇತ್ತು. ಗುಡ್ಡೆಯಲ್ಲಿ ಎಷ್ಟು ಇತ್ತು ಅಂತ ನಾನು ಒಂದು ದಿನವೂ ಕೇಳಿಲ್ಲ ನೋಡು. ಇಪ್ಪತ್ತೆರಡು ವರ್ಷ ಆ ಮಕ್ಕಳಿಗೆ ಅಳತೆ ಅಂದರೆ ಇದೇ ಅಂತ ಕಲಿಸಿಬಿಟ್ಟೆ.

ಈಗ ಎಲ್ಲ ಹೇಳಿದೆ. ನನ್ನದು ಅಂತ ಗೊತ್ತಾದ ಮೇಲೆ ನೀನು ಒಂದು ಅಂಕಿಯನ್ನೂ ತಿದ್ದಕೂಡದು. ಅಕ್ಕ ಅಂತ ದಾಕ್ಷಿಣ್ಯ ನೋಡಬೇಡ. ಮಕ್ಕಳನ್ನು ಬಿಟ್ಟು ಬರುವುದು ನನಗೆ ಜೀವ ಹೋದ ಹಾಗೆ, ಸುಳ್ಳು ಹೇಳುವುದಿಲ್ಲ. ತೆಗೆಯುವುದಾದರೆ ಅವರೇ ತೆಗೆಯಲಿ. ರಾಜೀನಾಮೆ ನಾನು ಬರೆಯುವುದಿಲ್ಲ.

ನರಸಕ್ಕ


ಹಿಂದೂಪುರ
17-1-1959

ಅಕ್ಕ,

ಯಾವ ಒಕ್ಕಣೆಯೂ ತೋಚುತ್ತಿಲ್ಲ. ನೇರವಾಗಿ ಬರೆಯುತ್ತೇನೆ.

ಒಂಬತ್ತನೆಯದು ನಿನ್ನದೆಂದು ನನಗೆ ಮೊದಲ ದಿನವೇ ಗೊತ್ತಾಗಿತ್ತು. ಜಯಣ್ಣ ಒಳ್ಳೆಯ ಹುಡುಗ, ಕಂಡದ್ದನ್ನೆಲ್ಲ ಬರೆದಿದ್ದ. ಕಾಗದದ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಹೀಗಿತ್ತು: ‘ಎಲ್ಲ ಮಕ್ಕಳೂ ಮೊದಲ ಪಾವನ್ನು ಬೇರೆ ಕಡೆ ಚೆಲ್ಲಿ ಆಟವಾಡುತ್ತಾರೆ, ಕಾರಣ ತಿಳಿಯಲಿಲ್ಲ.’ ಅದನ್ನು ಓದಿ ನಾನು ಕಾಗದ ಕೆಳಗಿಟ್ಟು ಹೊರಗೆ ಹೋಗಿ ನಿಂತೆ. ಕಾರಣ ತಿಳಿದವನು ಹಿಂದೂಪುರದಲ್ಲಿ ನಾನೊಬ್ಬನೇ ಇದ್ದೆ. ನಿನಗೆ ಬರೆದಾಗ ಆ ಸಾಲನ್ನು ಬಿಟ್ಟು ಬರೆದೆ. ನೀನೇ ಮೊದಲು ಹೇಳಲಿ ಎಂದು ಕಾದೆ. ಹೇಳದೆ ಇದ್ದಾಗ ನಿನಗೆ ನೋವಾಗುವ ಮೊದಲು ನಿನ್ನನ್ನು ಅಲ್ಲಿಂದ ಬಿಡಿಸಿಬಿಡೋಣ ಎಂದು ಕೋಣೆಗೆ ಸುಣ್ಣ ಬಳಿಸಿದೆ. ನಿನ್ನಿಂದ ಆಗುವುದಿಲ್ಲ ಎಂದು ನಾನು ಯಾವತ್ತೂ ಅಂದುಕೊಂಡಿಲ್ಲ.

ನಾನು ಮುಚ್ಚಿಟ್ಟದ್ದು ನಿನ್ನದಕ್ಕಿಂತ ಹಳೆಯದು. ಹನ್ನೊಂದನೇ ವಯಸ್ಸಿಗೆ ನೀನು ನನ್ನನ್ನು ಹಿಂದೂಪುರಕ್ಕೆ ಓದಲು ಕಳಿಸಿದೆಯಲ್ಲ, ಆ ವರ್ಷ ಲೆಕ್ಕದ ಮೇಷ್ಟರು ನನ್ನನ್ನು ಎಲ್ಲರ ಮುಂದೆ ನಿಲ್ಲಿಸಿ, ಕೊಳಗದ ನೀರನ್ನು ಚೊಂಬಿನಲ್ಲಿ ಅಳೆಯಲು ಹೇಳಿದರು. ನಾನು ಮೊದಲ ಚೊಂಬನ್ನು ಗಿಡದ ಬುಡಕ್ಕೆ ಸುರಿದು, ಅಲ್ಲಿಂದ ಒಂದು ಎಂದು ಎಣಿಸಿದೆ. ಅವರು ತೆಲುಗಿನವರು. ‘ಏಮಿರಾ, ಒಕಟಿ ತಾಗೇಶಾವಾ?’ ಎಂದರು, ಒಂದು ಚೊಂಬು ಕುಡಿದುಬಿಟ್ಟೆಯೇನೋ ಎಂದು. ಕ್ಲಾಸೆಲ್ಲ ನಕ್ಕಿತು. ಆಮೇಲೆ ರೂಲುಕೋಲಿನಿಂದ ಗೆಣ್ಣಿನ ಮೇಲೆ ಹೊಡೆದರು. ಯಾಕೆ ಹಾಗೆ ಮಾಡಿದೆ ಎಂದು ಕೇಳಲಿಲ್ಲ. ಮೂರು ವರ್ಷ ಹುಡುಗರು ನನ್ನನ್ನು ‘ಒಕಟಿ ತಕ್ಕುವ’ ಎಂದೇ ಕರೆದರು. ಒಂದು ಕಮ್ಮಿ. ರಜೆಗೆ ಊರಿಗೆ ಬಂದಾಗ ನೀನು ಕೈ ನೋಡಿ ಇದೇನು ಅಂದೆ. ಬಾವಿಯ ಹಗ್ಗ ಉಜ್ಜಿತು ಎಂದೆ. ನೀನು ಕಲಿಸಿದ್ದಕ್ಕೆ ಏಟು ಬಿತ್ತು ಎಂದು ನಿನಗೆ ಹೇಗೆ ಹೇಳಲಿ? ಇವತ್ತಿಗೂ ಏನನ್ನಾದರೂ ಅಳೆದರೆ, ಕೊನೆಗೆ ಮನಸ್ಸಿನಲ್ಲಿ ಒಂದು ಸೇರಿಸಿ ಹೇಳುತ್ತೇನೆ. ಮಕ್ಕಳ ಪಕ್ಕ ಕುಳಿತು ನೋಡುವ ಈ ಹುಚ್ಚು ಶುರುವಾದದ್ದು ಅಲ್ಲಿಂದಲೇ ಇರಬೇಕು.

ಇನ್ನೊಂದು ಹೇಳಬೇಕು. ನಿನ್ನ ಕಾಗದ ಬರುವ ಮೊದಲೇ ನಾನು ರಿಪೋರ್ಟನ್ನು ಹನ್ನೊಂದು ಶಾಲೆಯದಾಗಿ ಬರೆದಾಗಿದೆ. ಒಂಬತ್ತನೆಯದರಲ್ಲಿ ಪರೀಕ್ಷೆ ನಡೆಸಿದವರು ಸರಿಯಾಗಿ ನಡೆಸಲಿಲ್ಲ, ಆದ್ದರಿಂದ ಬಿಟ್ಟಿದೆ ಎಂದು ಒಂದು ಸಾಲು ಸೇರಿಸಿದ್ದೇನೆ. ಹೆಡ್‌ಮಾಸ್ಟರು ಇನ್ನೂ ಸಹಿ ಮಾಡಿಲ್ಲ. ನೀನು ಇದನ್ನು ಹೀಗೇ ಬಿಟ್ಟುಬಿಡು. ನಿನ್ನ ಮಕ್ಕಳು ನಿನ್ನ ಹತ್ತಿರವೇ ಇರುತ್ತಾರೆ.

ಆದಿ


ಶ್ರೀ ಆಂಜನೇಯಸ್ವಾಮಿ ಕಾಯಲಿ
ಕಲ್ಯಾಣದುರ್ಗ
23-1-1959

ಚಿರಂಜೀವಿ ಆದಿಗೆ ಅಕ್ಕನ ಆಶೀರ್ವಾದ.

ನಿನ್ನ ಗೆಣ್ಣಿನ ವಿಷಯ ಓದಿ ಅಡುಗೆಮನೆಯಲ್ಲಿ ಕೂತು ಅತ್ತುಬಿಟ್ಟೆ. ಹಗ್ಗದ ಗಾಯ ಅಂದೆ, ನಾನು ಕೊಬ್ಬರಿಎಣ್ಣೆ ಹಚ್ಚಿದೆ. ಇಪ್ಪತ್ತೇಳು ವರ್ಷ ಒಳಗಿಟ್ಟುಕೊಂಡಿದ್ದೆಯಾ ಮಗನೇ? ಅವತ್ತೇ ಹೇಳಿದ್ದರೆ ನಿನ್ನ ನಂತರ ಬಂದ ಮಕ್ಕಳಿಗಾದರೂ ನಾನು ಸರಿಯಾಗಿ ಹೇಳುತ್ತಿದ್ದೆ. ಹಾಗಂತ ನಿನ್ನನ್ನು ಬೈಯುತ್ತಿಲ್ಲ. ನನಗೆ ನೋವಾಗಬಾರದು ಅಂತ ಅಷ್ಟು ಸಣ್ಣವನು ಸುಳ್ಳು ಹೇಳಿದನಲ್ಲ.

ಈಗ ಗಟ್ಟಿಯಾಗಿ ಹೇಳುತ್ತೀನಿ, ಕೇಳು. ಒಂಬತ್ತನೆಯದನ್ನು ರಿಪೋರ್ಟಿಗೆ ವಾಪಸ್ಸು ಹಾಕು. ಜಯಣ್ಣ ಸರಿಯಾಗಿ ನಡೆಸಲಿಲ್ಲ ಅಂತ ಬರೆದೆಯಲ್ಲ, ಆ ಹುಡುಗ ಏನು ತಪ್ಪು ಮಾಡಿದ? ಕಂಡದ್ದನ್ನು ಬರೆದ. ಅವನ ಮೇಲೆ ಹಾಕಿ ನನ್ನನ್ನು ಉಳಿಸಿದರೆ ನಾನು ಸ್ವಾಮಿಯ ಮುಂದೆ ಯಾವ ಮುಖ ಇಟ್ಟುಕೊಂಡು ನಿಲ್ಲಲಿ? ಇನ್ನೂ ಒಂದು. ನನ್ನ ಸ್ಕೂಲಿನಲ್ಲಿ ಹೀಗಿದ್ದರೆ ಬೇರೆ ಕಡೆಯೂ ಇರುತ್ತದೆ. ಮೊದಲ ಪಾವು ದೇವರಿಗೆ ಎತ್ತಿಡುವ ಮನೆ ನಮ್ಮದೊಂದೇ ಅಲ್ಲ. ನೀನು ಆ ಪುಟ ಕಿತ್ತುಹಾಕಿದರೆ, ಎಲ್ಲೋ ಇನ್ನೊಬ್ಬ ಮೇಷ್ಟರು ಇನ್ನೊಂದು ಮಗುವಿನ ಗೆಣ್ಣಿಗೆ ಹೊಡೆಯುತ್ತಲೇ ಇರುತ್ತಾನೆ.

ಇಲ್ಲಿ ನನ್ನ ಕಷ್ಟ ಬೇರೆ ಇತ್ತು. ಮಕ್ಕಳಿಗೆ ಹೇಗೆ ತಿದ್ದಲಿ? ಎತ್ತಿಡುವುದನ್ನು ಬಿಡಿ ಅನ್ನಲು ನನಗೆ ಬಾಯಿ ಬರುವುದಿಲ್ಲ. ಎರಡು ದಿನ ಗುಡಿಯಲ್ಲಿ ಕೂತು ಕೇಳಿಕೊಂಡೆ. ಅದರ ಮುಂದಿನ ಶನಿವಾರ ಮೊರದ ಮುಂದೆ ಕೂತು ಮೊದಲ ಪಾವು ತುಂಬಿ, ಇದು ಸ್ವಾಮಿಯದು, ಒಂದು ಅಂತ ಜೋರಾಗಿ ಹೇಳಿದೆ. ಸ್ವಾಮಿಯ ಪಾತ್ರೆಗೆ ಹಾಕಿದೆ. ಆಮೇಲೆ ಎರಡು ಅಂದೆ. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿದವು.

ಹತ್ತು ನಿಮಿಷಕ್ಕೆ ಗಂಗುಲಮ್ಮ ಸೆರಗು ಸಿಕ್ಕಿಸಿಕೊಂಡು ಬಂದಳು.

“ಏನಮ್ಮಾ ನರಸಕ್ಕ, ದೇವ್ರಿಗೆ ಕೊಡಾದೂ ಲೆಕ್ಕ ಇಡ್ತೀಯಂತೆ? ಯಾವಾಗಿಂದ ಇಂಗಾದೆ?”

ಎಷ್ಟು ಪಾವು ಇತ್ತು ಅಂತ ಮಕ್ಕಳಿಗೆ ತಿಳಿಯಬೇಕು, ಅಷ್ಟೇ ಅಂದೆ.

“ಇಂದೂಪುರದಾಗೆ ಕುಂತ್ಕಂಡು ನಿನ್ ತಮ್ಮ ಏಳ್ದ, ನೀನು ಕುಣ್ದೆ. ನಾಳೆ ಸ್ವಾಮಿ ಬಂದು ನಿನ್ ಕಡಿಂದ ಚೀಟಿ ಕೇಳ್ತಾನಾ?”

ನಾನು ಇನ್ನೊಂದು ಪಾವು ತುಂಬಿದೆ. ಅವಳ ಮೊಮ್ಮಗಳು ಈರಕ್ಕನೇ ಎದ್ದು ನಿಂತಳು.

“ಎಣಿಸಿದ್ರೆ ಅವನ್ದು ಅವನಿಗೇ ಇರ್ತದೆ ಕಣಜ್ಜಿ. ಇಷ್ಟ್ ದಿನ ಸ್ವಾಮಿದು ಎಷ್ಟು ಅಂತ ಕೇಳಿದ್ರೆ ಏನೂ ಇಲ್ಲ ಅಂತಿದ್ವಿ.”

ಗಂಗುಲಮ್ಮ ‘ಬಾಯಿ ನೋಡು ಇದರದ್ದು’ ಅಂತ ಗೊಣಗಿಕೊಂಡು ಒಲೆ ಹಚ್ಚಲು ಹೋದಳು. ಗುಗ್ಗರಿಗೆ ಉಪ್ಪು ಮಾತ್ರ ಜಾಸ್ತಿ ಹಾಕಿದಳು, ಕೋಪಕ್ಕೆ.

ಪುಟ ವಾಪಸ್ಸು ಹಾಕಿದೆ ಅಂತ ನಿನ್ನ ಕಾಗದ ಬಂದರೆ ಮಾತ್ರ ನಾನು ಮತ್ತೆ ಬರೆಯುತ್ತೀನಿ.

ಅಕ್ಕ


ಹಿಂದೂಪುರ
2-4-1959

ಅಕ್ಕನಿಗೆ ನಮಸ್ಕಾರಗಳು.

ಎರಡು ತಿಂಗಳು ಬರೆಯಲಿಲ್ಲ. ‘ಹಾಕಿದೆ’ ಎಂದು ಒಂದು ಕಾರ್ಡು ಬರೆದದ್ದು ಬಿಟ್ಟರೆ ಇನ್ನೇನೂ ಹೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ. ಬೋರ್ಡಿನ ತೀರ್ಮಾನ ಬರಲಿ ಎಂದು ಕಾದೆ.

ನಾನು ಹೆಡ್‌ಮಾಸ್ಟರ ಮುಂದೆ ನಿಂತು ಒಂಬತ್ತನೆಯದು ನನ್ನ ಅಕ್ಕನ ಶಾಲೆ, ನಾನು ಸುಳ್ಳು ಬರೆದಿದ್ದೆ ಎಂದು ಹೇಳಿದೆ. ಅವರು ಬೈದರು. ಬೈಯಬೇಕಾದದ್ದೇ. ಆಮೇಲೆ ಜಯಣ್ಣನನ್ನು ಕರೆದು ಕ್ಷಮೆ ಕೇಳಿದೆ, ಆ ಹುಡುಗ ಎಲ್ಲಿ ನೋಡಬೇಕೆಂದು ತಿಳಿಯದೆ ತನ್ನ ಕಾಲ್ಬೆರಳು ನೋಡುತ್ತ ನಿಂತ. ಮರುದಿನ ಕ್ಲಾಸಿನಲ್ಲಿ ಮರಳಿನ ಗುಡ್ಡೆ ಹಾಕಿ, ನೀನು ಕಲಿಸಿದಂತೆ ಮೊದಲ ಪಾವನ್ನು ಬದಿಗೆ ಸುರಿದು ಅಳೆದು ತೋರಿಸಿದೆ. ಈ ಉತ್ತರ ಯಾಕೆ ಬಂತು ಹೇಳಿ ಎಂದೆ. ನಲವತ್ತು ಜನರಲ್ಲಿ ಆರು ಮಂದಿಗೆ ತಕ್ಷಣ ಗೊತ್ತಾಯಿತು. ಒಬ್ಬ ಚಿಲಮತ್ತೂರಿನ ಕಡೆಯವನು. ‘ನಮ್ಮನೇಲೂ ಹಿಂಗೇ ಸಾರ್’ ಎಂದ. ಹೆಡ್‌ಮಾಸ್ಟರು ಹಿಂದೆ ನಿಂತು ನೋಡುತ್ತಿದ್ದರು. ಅವರೇ ರಿಪೋರ್ಟಿನಲ್ಲಿ ಒಂಬತ್ತಕ್ಕೆಂದು ನಾಲ್ಕು ಪುಟ ಕೊಟ್ಟರು. ಮಕ್ಕಳು ಎಣಿಸಿದ್ದು ಸರಿ, ಎಲ್ಲಿಂದ ಎಣಿಸಿದರೆಂದು ನಾವು ಕೇಳಲಿಲ್ಲ ಎಂದು ಅವರದೇ ಮಾತಿನಲ್ಲಿ ಬರೆದರು.

ಬೋರ್ಡಿನವರು ನಾಲ್ಕು ಪುಟ ಓದಿದರೋ ಇಲ್ಲವೋ ತಿಳಿಯದು. ಪಟ್ಟಿಯಲ್ಲಿ ನಿನ್ನ ಹೆಸರು ಉಳಿದಿದೆ. ಆದರೆ ಒಂದು ಅವಕಾಶ ಕೊಟ್ಟಿದ್ದಾರೆ. ಬೇಸಿಗೆ ರಜೆಯಲ್ಲಿ ಎರಡು ತಿಂಗಳು ಇಲ್ಲಿ ನಮ್ಮ ಸ್ಕೂಲಿನಲ್ಲಿ ಹಳೆಯ ಉಪಾಧ್ಯಾಯರಿಗೆ ಟ್ರೈನಿಂಗ್ ಇದೆ. ಅದರಲ್ಲಿ ಪಾಸಾದವರು ತಮ್ಮ ಜಾಗದಲ್ಲೇ ಇರಬಹುದು. ಇಲ್ಲದಿದ್ದರೆ ಜುಲೈಗೆ ಅಮರೇಶಪ್ಪ ಎನ್ನುವವರು ನಿನ್ನ ಶಾಲೆಗೆ ಬರುತ್ತಾರೆ.

ಈ ಮೊದಲು ಎರಡು ಸಲ ನೀನು ಟ್ರೈನಿಂಗಿಗೆ ಒಲ್ಲೆ ಎಂದದ್ದು ನನಗೆ ಗೊತ್ತು. ಕಾರಣ ಕೇಳಲು ಧೈರ್ಯವಾಗಿರಲಿಲ್ಲ. ಅರ್ಜಿ ಜೊತೆಗಿಟ್ಟಿದ್ದೇನೆ. ಲೆಕ್ಕದ ಪಾಠ ನನ್ನದೇ. ಅದನ್ನೂ ಹೇಳಿಬಿಡುತ್ತೇನೆ, ಆಮೇಲೆ ಮುಚ್ಚಿಟ್ಟೆ ಎನ್ನಬೇಡ.

ಆದಿ


ಶ್ರೀ ಆಂಜನೇಯಸ್ವಾಮಿ ಕಾಯಲಿ
ಕಲ್ಯಾಣದುರ್ಗ
19-4-1959

ಚಿರಂಜೀವಿ ಆದಿಗೆ ಅಕ್ಕನ ಆಶೀರ್ವಾದ.

ಅರ್ಜಿ ತುಂಬಿ ಬೋರ್ಡಿಗೆ ಕಳಿಸಿದೆ. ವಿದ್ಯಾರ್ಹತೆ ಅನ್ನುವ ಜಾಗದಲ್ಲಿ ಎಷ್ಟು ಗೆರೆ ಬಿಟ್ಟಿದ್ದಾರೆ, ನನ್ನದು ಅರ್ಧ ಗೆರೆಗೆ ಮುಗಿದುಹೋಯಿತು.

ಯಾಕೆ ಒಲ್ಲೆ ಅಂದೆ ಅಂತ ನೀನು ಕೇಳಲಿಲ್ಲ. ನಾನೇ ಹೇಳುತ್ತೀನಿ. ಮಂಡಿ ನೋವು, ಮಕ್ಕಳನ್ನು ನೋಡುವವರಿಲ್ಲ ಅಂತೆಲ್ಲ ಇನ್ಸ್‌ಪೆಕ್ಟರಿಗೆ ಹೇಳಿದ್ದು ನೆಪ. ನನಗೆ ಭಿನ್ನರಾಶಿ ಬರುವುದಿಲ್ಲ ಆದಿ. ಅರ್ಧ, ಕಾಲು, ಮುಕ್ಕಾಲಿನವರೆಗೆ ಗೊತ್ತು, ಅದರಾಚೆ ಮೇಲೊಂದು ಕೆಳಗೊಂದು ಅಂಕಿ ಬರೆದರೆ ಕಣ್ಣು ಕತ್ತಲೆ ಬರುತ್ತದೆ. ನೀನು ಓದಿ ದೊಡ್ಡವನಾದೆ, ಎಲ್ಲರ ಹತ್ತಿರ ನನಗೆ ಲೆಕ್ಕ ಕಲಿಸಿದ್ದು ನಮ್ಮಕ್ಕ ಅಂತ ಹೇಳಿಕೊಂಡು ತಿರುಗಿದೆ. ಆ ಅಕ್ಕನಿಗೆ ಎಷ್ಟು ಗೊತ್ತಿದೆ ಅಂತ ನೀನು ಕಣ್ಣಾರೆ ನೋಡಬಾರದು ಅಂತ ನಾನು ಬರಲಿಲ್ಲ. ಈಗ ನೋಡಿದರೂ ಪರವಾಗಿಲ್ಲ ಅನ್ನಿಸುತ್ತಿದೆ.

ಮಕ್ಕಳಿಗೆ ಹೇಳಿದೆ, ನಾನೂ ಸ್ಕೂಲಿಗೆ ಹೋಗುತ್ತಿದ್ದೀನಿ ಅಂತ. ಒಂದೂ ನಂಬಲಿಲ್ಲ. ಫೇಲಾದರೆ ಏನು ಮಾಡುತ್ತೀರಿ ಪಂತುಲಮ್ಮ ಅಂತ ಒಂದು ಕೇಳಿತು. ಫೇಲಾದರೆ ಅಮರೇಶಪ್ಪ ಮೇಷ್ಟರು ಬರುತ್ತಾರೆ, ಅವರ ಮಾತು ಕೇಳಿಕೊಂಡು ಚೆನ್ನಾಗಿ ಓದಬೇಕು ಅಂದೆ. ಆ ಸಂಜೆ ನಾನು ಸ್ಕೂಲು ಮುಚ್ಚಿ ಹೊರಟಾಗ ದೊಡ್ಡ ಹುಡುಗಿಯರು ಬಂದು ನನ್ನ ಚೀಲಕ್ಕೆ ಎರಡು ಬಳಪ ಹಾಕಿ ಓಡಿಹೋದವು.

ಮೇ ಮೂರಕ್ಕೆ ಬೆಳಗಿನ ಬಸ್ಸಿಗೆ ಹತ್ತುತ್ತೀನಿ, ಹಿಂದೂಪುರದ ಬಸ್‌ಸ್ಟ್ಯಾಂಡಿಗೆ ಶಿವಲಕ್ಷ್ಮಿಯನ್ನು ಕಳಿಸು, ನೀನು ಬರಬೇಡ. ಟ್ರೈನಿಂಗಿಗೆ ಬರುವ ಬೇರೆಯವರನ್ನು ಮೇಷ್ಟರು ಬಂದು ಕರೆದುಕೊಂಡು ಹೋಗುತ್ತಾರಾ? ಕ್ಲಾಸಿನಲ್ಲಿ ನನ್ನನ್ನು ಅಕ್ಕ ಅನ್ನಕೂಡದು. ಮುಂದಿನ ಬೆಂಚಿಗೆ ಕರೆಯಬೇಡ, ನಾನು ಹಿಂದೆಯೇ ಕೂರುತ್ತೀನಿ.

ಒಂದೇ ಒಂದು ಕೇಳುತ್ತೀನಿ. ಜಗುಲಿ ಸ್ಕೂಲಿನಲ್ಲಿ ನಮ್ಮ ಮೇಷ್ಟರು ಹುಡುಗರ ಹೆಸರು ಮಾತ್ರ ಕರೆಯುತ್ತಿದ್ದರು. ನಾವು ಮೂವರು ಹುಡುಗಿಯರು ಕಂಬದ ಪಕ್ಕ ಕೂತು ಕೇಳಿಸಿಕೊಂಡೇ ಕಲಿತೆವು, ಹಾಜರಿ ಪುಸ್ತಕದಲ್ಲಿ ನಮ್ಮ ಹೆಸರು ಇರಲಿಲ್ಲ. ನೀನು ಮೊದಲ ದಿನ ಪುಸ್ತಕ ತೆಗೆದಾಗ ನನ್ನ ಹೆಸರನ್ನು ಪೂರ್ತಿ, ಗಟ್ಟಿಯಾಗಿ ಕರಿ. ಮಂಡಿ ಹಿಡಿದುಕೊಂಡು ಏಳುವುದಕ್ಕೆ ನನಗೆ ಸ್ವಲ್ಪ ಹೊತ್ತು ಬೇಕು, ಅದಕ್ಕೆ ಮುಂದಿನ ಹೆಸರಿಗೆ ಹೋಗಿಬಿಡಬೇಡ. ನಾನು ಎದ್ದು ನಿಂತು ಹಾಜರ್ ಸಾರ್ ಅನ್ನುವವರೆಗೂ ಕಾದಿರು.

ಎನ್. ನರಸಕ್ಕ